ಜಗಳದ ನಡುವೆಯೂ ಕೇಳಿಸ್ಕೊಂಡ ಕೂಗು

ಮೊದ್ಲು ಮೂರು ತಾರೀಖು ಹೇಳ್ತೀನಿ, ಬರ್ಕೊಳ್ಳೋದೇನೂ ಬೇಡ, ಸುಮ್ನೆ ಕೇಳಿ. 1982ರ ಮೇ 24. ಅಮೆರಿಕ ಮತ್ತೆ ಸೋವಿಯತ್ ಒಕ್ಕೂಟದ ನಡುವೆ ಹತ್ತು ವರ್ಷದಿಂದ ಇದ್ದ ಬಾಹ್ಯಾಕಾಶ ಸಹಕಾರದ ಒಪ್ಪಂದ ಅವತ್ತಿಗೆ ಮುಗೀತು, ಪೋಲೆಂಡಲ್ಲಿ ಮಿಲಿಟರಿ ಆಡಳಿತ ಹೇರಿದ್ರು ಅನ್ನೋ ಸಿಟ್ಟಿಗೆ ರೇಗನ್ ಸರ್ಕಾರ ಅದನ್ನ ರಿನ್ಯೂ ಮಾಡ್ಲೇ ಇಲ್ಲ. ಎರಡ್ನೇದು ಜೂನ್ 18. ಸೋವಿಯತ್‌ನವ್ರು ಉಪಗ್ರಹ ಹೊಡೆಯೋ ಉಪಗ್ರಹದ ಪರೀಕ್ಷೆ ಮಾಡಿದ್ರು, ಅದೊಂದೇ ಅಲ್ಲ, ಅದೇ ದಿನ ನೆಲದಿಂದ ಒಂದಷ್ಟು ಕ್ಷಿಪಣಿ, ಸಬ್‌ಮರೀನ್‌ನಿಂದ ಒಂದಷ್ಟು, ಎಲ್ಲಾ ಸೇರ್ಸಿ ಒಂದು ಪೂರ್ತಿ ಅಣುಯುದ್ಧದ ರಿಹರ್ಸಲ್. ಮೂರ್ನೇದು ಜೂನ್ 30. ಅದೇ ಸೋವಿಯತ್ ಒಕ್ಕೂಟ ಕಾಸ್ಮಾಸ್-1383 ಅನ್ನೋ ಉಪಗ್ರಹ ಮೇಲಕ್ಕೆ ಕಳಿಸ್ತು. ಅದರೊಳಗೆ ಒಂದು ರೇಡಿಯೋ ರಿಸೀವರ್ ಇತ್ತು. ಅದರ ಕೆಲಸ ಏನಪ್ಪಾ ಅಂದ್ರೆ ಅಮೆರಿಕದವರದ್ದಾಗ್ಲಿ ಕೆನಡಾದವರದ್ದಾಗ್ಲಿ ಫ್ರಾನ್ಸಿನವರದ್ದಾಗ್ಲಿ, ವಿಮಾನ ಬಿದ್ದು ಹಡಗು ಮುಳುಗಿ ಜನ ಸಾಯೋ ಹಂತದಲ್ಲಿದ್ರೆ ಅವ್ರ ಕೂಗು ಕೇಳಿಸ್ಕೊಳ್ಳೋದು.

ಹನ್ನೆರಡೇ ದಿನ ನೋಡಿ. ಆಕಡೆ ಅಣುಯುದ್ಧದ ತಾಲೀಮು, ಈಕಡೆ ಶತ್ರುವಿನ ಪೈಲಟ್‌ನ ಉಳಿಸೋಕೆ ಉಪಗ್ರಹ. ಇದು ಹೇಗೆ ಸಾಧ್ಯ ಆಯ್ತು ಅನ್ನೋದನ್ನೇ ಇವತ್ತು ಹೇಳ್ಬೇಕು ಅಂತ ಬಂದಿರೋದು.

ಬಾಹ್ಯಾಕಾಶದಲ್ಲಿ ಎದುರಾಳಿಗಳು ಒಂದಾದ್ರು ಅಂದ ತಕ್ಷಣ ಎಲ್ರಿಗೂ ನೆನಪಾಗೋದು 1975ರ ಜುಲೈ 17, ಅಪೋಲೋ ನೌಕೆ ಸೋಯುಜ್ ನೌಕೆ ಜೋಡಿಯಾಗಿ, ಬಾಗಿಲು ತೆಗೆದು ಅಮೆರಿಕದ ಥಾಮಸ್ ಸ್ಟಾಫರ್ಡ್, ಸೋವಿಯತ್‌ನ ಅಲೆಕ್ಸಿ ಲಿಯೊನೊವ್ ಕೈ ಕುಲುಕಿದ ಚಿತ್ರ. ಚೆನ್ನಾಗಿದೆ, ನಂಗೂ ಇಷ್ಟ. ಅದರ ಹಿಂದೆ ಇರೋ ಎಂಜಿನಿಯರಿಂಗ್ ಇನ್ನೂ ಇಷ್ಟ. ಅಪೋಲೋ ಒಳಗೆ ಬರೀ ಆಕ್ಸಿಜನ್, ಕಮ್ಮಿ ಒತ್ತಡ, ಸೋಯುಜ್ ಒಳಗೆ ನಾವು ಉಸಿರಾಡೋ ಥರದ ಗಾಳಿ, ನಮ್ಮ ನೆಲದ ಮಟ್ಟದ ಒತ್ತಡ, ನೇರ ಬಾಗಿಲು ತೆಗೆದ್ರೆ ಒಳಗಿರೋರ ಗತಿ ಏನು, ಅದಕ್ಕೆ ನಡುವೆ ಒಂದು ಕೋಣೆ ಕಟ್ಬೇಕಾಯ್ತು, ಈಕಡೆಯಿಂದ ಬಂದೋರು ಅಲ್ಲಿ ಕೂತು ಒತ್ತಡ ಸರಿಮಾಡ್ಕೊಂಡು ಆಕಡೆ ಹೋಗೋದು. ಡಾಕಿಂಗ್, ಅಂದ್ರೆ ಎರಡು ನೌಕೆ ಜೋಡ್ಸೋ ವಿಷಯದಲ್ಲಂತೂ ಅಲ್ಲೀವರೆಗೆ ಇದ್ದಿದ್ದೆಲ್ಲಾ ಪ್ಲಗ್ಗು-ಸಾಕೆಟ್ ಲೆಕ್ಕ, ಒಂದು ಚುಚ್ಚೋದು ಇನ್ನೊಂದು ಚುಚ್ಚಿಸ್ಕೊಳ್ಳೋದು, ಈ ಎರಡು ದೇಶಗಳ ನಡುವೆ ಯಾರು ಪ್ಲಗ್ಗು ಯಾರು ಸಾಕೆಟ್ ಅನ್ನೋದು ತೀರ್ಮಾನ ಆಗೋ ಮಾತಾ? ವ್ಲಾದಿಮಿರ್ ಸಿರೊಮ್ಯಾತ್ನಿಕೊವ್ ಅನ್ನೋ ಸೋವಿಯತ್ ಎಂಜಿನಿಯರ್ ಮತ್ತು ಅಮೆರಿಕದ ಎಂಜಿನಿಯರ್‌ಗಳು ಸೇರಿ ಎರಡೂ ಕಡೆ ಒಂದೇ ಥರ ಇರೋ ಉಂಗುರ ಮಾಡಿದ್ರು, ಯಾರು ಬೇಕಾದ್ರೂ ಮುಂದೆ ಬಂದು ಹಿಡ್ಕೋಬಹುದು. ಆ ಉಂಗುರದ ವಂಶ ಮುಂದೆ ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಅಮೆರಿಕದ ಶಟ್ಲ್‌ಗಳಿಗೂ ಬಂತು.

ಸ್ಟಾಫರ್ಡ್ ಮತ್ತೆ ಲಿಯೊನೊವ್ ಸಾಯೋವರೆಗೂ ಸ್ನೇಹಿತರಾಗಿದ್ರು. 2019ರಲ್ಲಿ ಲಿಯೊನೊವ್ ತೀರ್ಕೊಂಡಾಗ ಸ್ಟಾಫರ್ಡ್ ಆ ವಯಸ್ಸಲ್ಲೂ ರಷ್ಯಾಕ್ಕೆ ಹೋಗಿ ಅಂತ್ಯಕ್ರಿಯೆಯಲ್ಲಿ ಮಾತಾಡಿದ್ರು. ಇದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಗಂಟ್ಲು ಕಟ್ಟತ್ತೆ. ಆದ್ರೆ ಅಂಥಾ ಸ್ನೇಹ ಇದ್ರೂ ಏಳು ವರ್ಷಕ್ಕೆ ಒಪ್ಪಂದ ಬಿದ್ದೋಯ್ತು, ಯಾಕಂದ್ರೆ ಅದು ಕೂತಿದ್ದು ಮೇಲಿನೋರ ಮನಸ್ಸಿನ ಮೇಲೆ, 1972ರಲ್ಲಿ ನಿಕ್ಸನ್ ಮತ್ತೆ ಕೊಸಿಗಿನ್ ಮಾಸ್ಕೋದಲ್ಲಿ ಸಹಿ ಹಾಕಿದ್ದು ಅದು. ಮೇಲಿನೋರ ಮನಸ್ಸು ಕೆಟ್ಟಾಗ ಅದೂ ಕೆಡ್ತು.

ಕೆಡದೇ ಉಳಿದಿದ್ದು ಕಾಸ್ಪಾಸ್-ಸಾರ್‌ಸ್ಯಾಟ್. ಕಾಸ್ಪಾಸ್ ಅನ್ನೋದು ರಷ್ಯನ್ ಹೆಸರಿನ ಮೊದಲಕ್ಷರಗಳು, ಸಾರ್‌ಸ್ಯಾಟ್ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು, ಎರಡಕ್ಕೂ ಅರ್ಥ ಒಂದೇ, ಅಪಾಯದಲ್ಲಿರೋರನ್ನ ಉಪಗ್ರಹದಿಂದ ಹುಡ್ಕೋ ವ್ಯವಸ್ಥೆ. ಹೆಸರಲ್ಲೇ ಇಬ್ರೂ ಬಿಟ್ಕೊಟ್ಟಿಲ್ಲ, ಇಬ್ರೂ ಸೇರ್ಕೊಂಡಿದಾರೆ.

ಇದರ ಮೂಲ ಅಮೆರಿಕದ ಒಂದು ದುಃಖದಲ್ಲಿದೆ. 1972ರ ಅಕ್ಟೋಬರ್‌ನಲ್ಲಿ ಅಲಾಸ್ಕಾದಲ್ಲಿ ಒಂದು ಸಣ್ಣ ವಿಮಾನ ಕಾಣೆಯಾಯ್ತು, ಅದರಲ್ಲಿ ಹೇಲ್ ಬಾಗ್ಸ್, ನಿಕ್ ಬೆಗಿಚ್ ಅಂತ ಇಬ್ರು ಸಂಸದರಿದ್ರು. ವಾರಗಟ್ಲೆ ಹುಡ್ಕಿದ್ರು, ಇವತ್ತಿನವರೆಗೂ ಒಂದು ಚೂರು ಸಿಕ್ಕಿಲ್ಲ. ಆಮೇಲೆ ವಿಮಾನಗಳಲ್ಲಿ ಬೀಕನ್, ಅಂದ್ರೆ ಅಪಾಯ ಆದಾಗ ರೇಡಿಯೋ ಸಿಗ್ನಲ್ ಕಳಿಸೋ ಪೆಟ್ಟಿಗೆ, ಇರ್ಲೇಬೇಕು ಅಂತ ಕಾನೂನು ಬಿಗಿಯಾಯ್ತು. ಬೀಕನ್ ಕೂಗತ್ತೆ ಸರಿ, ಆದ್ರೆ ಅಲಾಸ್ಕಾದ ಕಾಡಲ್ಲಿ ಕೂಗಿದ್ರೆ ಕೇಳೋರ್ಯಾರು? ಮೇಲೆ ಇನ್ನೊಂದು ವಿಮಾನ ಹಾರಿದ್ರೆ ಉಂಟು ಇಲ್ದಿದ್ರೆ ಇಲ್ಲ. ಅದಕ್ಕೆ ಉಪಗ್ರಹ.

ಉಪಗ್ರಹಕ್ಕೆ ಕೂಗು ಕೇಳತ್ತೆ, ಎಲ್ಲಿಂದ ಅಂತ ಹೇಗೆ ಗೊತ್ತಾಗತ್ತೆ? ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದು ನಾನೇ ಕಣ್ಣಾರೆ ನೋಡಿರೋ ವಿಷಯ. ನಂಗೆ ಹ್ಯಾಮ್ ರೇಡಿಯೋ ಹವ್ಯಾಸ. ತುಂಬಾ ವರ್ಷ ಟೆರೇಸ್ ಮೇಲೆ ಆಂಟೆನಾ ಹಿಡ್ಕೊಂಡು ನೋವಾ-19 ಅನ್ನೋ ಅಮೆರಿಕದ ಹವಾಮಾನ ಉಪಗ್ರಹದ ಸಿಗ್ನಲ್ ಹಿಡೀತಿದ್ದೆ, ಟಿಕ್-ಟಾಕ್ ಟಿಕ್-ಟಾಕ್ ಅಂತ ಗಡಿಯಾರದ ಥರ ಸದ್ದು, ಲ್ಯಾಪ್‌ಟಾಪಲ್ಲಿ ನಿಧಾನಕ್ಕೆ ಅರಬ್ಬೀ ಸಮುದ್ರದ ಮೋಡಗಳ ಚಿತ್ರ ಮೂಡೋದು. ಸ್ಕ್ರೀನಿನ ಇನ್ನೊಂದು ಕಡೆ ಆ ಸಿಗ್ನಲ್‌ನ ಫ್ರೀಕ್ವೆನ್ಸಿ ಒಂದು ಗೆರೆಯಾಗಿ ಇಳೀತಾ ಬರತ್ತೆ. ಉಪಗ್ರಹ ದಿಗಂತದಿಂದ ನಮ್ಮ ಕಡೆ ಬರುವಾಗ ಫ್ರೀಕ್ವೆನ್ಸಿ ಸ್ವಲ್ಪ ಜಾಸ್ತಿ, ದೂರ ಹೋಗುವಾಗ ಸ್ವಲ್ಪ ಕಮ್ಮಿ, ರೈಲ್ವೆ ಗೇಟಲ್ಲಿ ನಿಂತಾಗ ರೈಲಿನ ಹಾರ್ನ್ ನಮ್ಮನ್ನ ದಾಟ್ತಿದ್ದಂಗೆ ದಪ್ಪ ಆಗತ್ತಲ್ಲ ಹಾಗೇನೇ, ಡಾಪ್ಲರ್. ಉಪಗ್ರಹ ನೆತ್ತಿ ಮೇಲೇ ಹಾದುಹೋದ್ರೆ ಆ ಗೆರೆ ನಡುವಲ್ಲಿ ಥಟ್ ಅಂತ ಕಡಿದಾಗಿ ಬೀಳತ್ತೆ, ದೂರದಲ್ಲಿ ಪಕ್ಕಕ್ಕೆ ಹಾದುಹೋದ್ರೆ ಇಳಿಜಾರು ಸಾವಧಾನ. ಅಂದ್ರೆ ಗೆರೆಯ ಆಕಾರ ನೋಡಿದ್ರೇನೇ ಯಾವ ಕ್ಷಣ ಹತ್ರ ಬಂತು, ಎಷ್ಟು ದೂರದಲ್ಲಿ ಹಾದುಹೋಯ್ತು ಅಂತ ಲೆಕ್ಕ ಹಾಕ್ಬಹುದು. ಈಗ ಇದನ್ನ ತಿರುಗಿಸಿ, ಕೂಗೋದು ನೆಲದ ಮೇಲಿನ ಬೀಕನ್, ಕೇಳೋದು ಉಪಗ್ರಹ. ಗಣಿತ ಅದೇ. ದಾರಿಯ ಎಡಕ್ಕೊಂದು ಬಲಕ್ಕೊಂದು ಹೀಗೆ ಎರಡು ಜಾಗ ಸಿಗತ್ತೆ, ಅದ್ರಲ್ಲಿ ಯಾವ್ದು ನಿಜ ಅಂತ ಭೂಮಿಯ ತಿರುಗಾಟದಿಂದ ಇಲ್ಲಾ ಮುಂದಿನ ಸುತ್ತಲ್ಲಿ ಗೊತ್ತಾಗತ್ತೆ.

ಆಮೇಲೆ ಗೊತ್ತಾಯ್ತು, ನಾನು ಮೋಡದ ಚಿತ್ರ ಇಳಿಸ್ತಿದ್ದ ಆ ನೋವಾ-19ರಲ್ಲೇ ಸಾರ್‌ಸ್ಯಾಟ್ ರಿಸೀವರ್ ಕೂಡ ಇತ್ತು ಅಂತ. 2025ರಲ್ಲಿ ಅದನ್ನ ಆಫ್ ಮಾಡಿದ್ರು. ಮನೆಯವರೊಬ್ರು ಹೋದಂಗಾಯ್ತು ನಂಗೆ.

ಇನ್ನೊಂದು ವಿಷಯ ಗಮನಿಸಿ. ಈ ಡಾಪ್ಲರ್ ಗಣಿತನ ಮೊದ್ಲು ದೊಡ್ಡದಾಗಿ ಬಳಸಿದ್ದು ಯಾತಕ್ಕೆ? ಸಬ್‌ಮರೀನ್‌ಗಳಿಗೆ. ಅಮೆರಿಕದ ಪೊಲಾರಿಸ್ ಕ್ಷಿಪಣಿ ಹೊತ್ತ ಸಬ್‌ಮರೀನ್‌ಗೆ ತಾನು ಎಲ್ಲಿದೀನಿ ಅಂತ ಗೊತ್ತಾಗ್ಬೇಕಿತ್ತು, ಅದಕ್ಕೆ ಟ್ರಾನ್ಸಿಟ್ ಉಪಗ್ರಹಗಳು. ಸೋವಿಯತ್ ನೌಕಾಪಡೆಗೂ ಅಂಥದ್ದೇ ಇತ್ತು, ಅದರ ನಾಗರಿಕ ರೂಪ ತ್ಸಿಕಾಡಾ, ಕಾಸ್ಮಾಸ್-1383 ಅದೇ ಕುಟುಂಬದ್ದು. ಒಂದು ಊರನ್ನೇ ಸುಡೋಕೆ ಅಂತ ಕಲ್ತ ಲೆಕ್ಕ, ಮೂರು ಜನರನ್ನ ಕಾಡಿಂದ ಎತ್ಕೊಂಡು ಬರೋಕೆ ಬಂತು.

ಆ ಮೂರು ಜನ ಯಾರು ಅಂತ ಹೇಳ್ತೀನಿ. 1982ರ ಸೆಪ್ಟೆಂಬರ್, ಕೆನಡಾದ ಬ್ರಿಟಿಷ್ ಕೊಲಂಬಿಯಾ, ಪೂರ್ತಿ ಬೆಟ್ಟ, ಕಾಡು. ಕಾಣೆಯಾದ ಇನ್ನೊಂದು ವಿಮಾನನ ಹುಡುಕ್ತಾ ಹೊರಟಿದ್ದ ಸಣ್ಣ ವಿಮಾನವೇ ಬಿತ್ತು, ಒಳಗೆ ಮೂವರು, ಜೀವ ಇತ್ತು. ಬೀಕನ್ ಕೂಗ್ತಿತ್ತು. ಕಾಸ್ಮಾಸ್-1383 ಆ ಕಾಡಿನ ಮೇಲೆ ಹಾದುಹೋಯ್ತು, ಆಗ ಅದಿನ್ನೂ ಟೆಸ್ಟಿಂಗ್‌ನಲ್ಲಿತ್ತು, ಮೇಲೆ ಹೋಗಿ ಎರಡೂವರೆ ತಿಂಗಳೂ ಆಗಿರ್ಲಿಲ್ಲ. ಆ ಕೂಗು ಒಟ್ಟಾವಾದ ಆಂಟೆನಾಕ್ಕೆ ಇಳೀತು, ಲೆಕ್ಕ ಹಾಕಿದ್ರು, ಹೆಲಿಕಾಪ್ಟರ್ ಹೋಯ್ತು, ಮೂವರೂ ಬದುಕಿದ್ರು. ಕೆನಡಾ ನೇಟೋ ದೇಶ. ಉಪಗ್ರಹ ಸೋವಿಯತ್‌ದು. ಸೋವಿಯತ್ ನಾಯಕ ಬ್ರೆಜ್ನೆವ್ ಇನ್ನೂ ಕುರ್ಚಿಯಲ್ಲಿದ್ರು.

ಇಲ್ಲಿ ಒಂದು ಸೂಕ್ಷ್ಮ ಇದೆ, ನನ್ ಪ್ರಕಾರ ಇಡೀ ಕಥೆಯ ಜೀವಾಳ ಇದು. ಒಟ್ಟಾವಾದವ್ರು ಮಾಸ್ಕೋಗೆ ಫೋನ್ ಮಾಡಿ ಸ್ವಾಮಿ ನಿಮ್ ಉಪಗ್ರಹಕ್ಕೆ ಏನಾದ್ರೂ ಕೇಳಿಸ್ತಾ ಅಂತ ಕೇಳ್ಲಿಲ್ಲ. ಕೇಳ್ಬೇಕಾಗೇ ಇರ್ಲಿಲ್ಲ. ಉಪಗ್ರಹ ತನಗೆ ಕೇಳಿಸಿದ್ದನ್ನ ಒಪ್ಕೊಂಡಿರೋ ಫ್ರೀಕ್ವೆನ್ಸಿಯಲ್ಲಿ ಕೆಳಗಿರೋ ಎಲ್ರಿಗೂ ಸಿಗೋ ಹಾಗೆ ಕಳಿಸತ್ತೆ, ಆಂಟೆನಾ ಇರೋ ಯಾರು ಬೇಕಾದ್ರೂ ಹಿಡೀಬಹುದು. ಒಂದಿನ ಮಾಸ್ಕೋಗೆ ಸಿಟ್ಟು ಬಂದು ಇವತ್ತು ಕೊಡಲ್ಲ ಅನ್ನೋಕೆ ಅಲ್ಲಿ ಕಿಟಕಿನೂ ಇಲ್ಲ ಗುಮಾಸ್ತನೂ ಇಲ್ಲ. ಇವ್ರು ಹಂಚ್ಕೊಂಡಿದ್ದು ಬರೀ ಸಿಗ್ನಲ್‌ನ ರೂಪ, ಯಾವ ಫ್ರೀಕ್ವೆನ್ಸಿ, ಯಾವ ಬಿಟ್ ಎಲ್ಲಿ, ಅಷ್ಟೇ. ತಮ್ ತಮ್ ಉಪಗ್ರಹದ ಒಳಗೆ ಏನಿದೆ ಅಂತ ಇನ್ನೊಬ್ರಿಗೆ ತೋರಿಸ್ಬೇಕಾಗಿಲ್ಲ, ದುಡ್ಡು ಕೈ ಬದಲಾಗಲ್ಲ, ಅವರವ್ರ ಉಪಗ್ರಹದ ಖರ್ಚು ಅವರವ್ರದ್ದು. ಕೂಗೋನಿಗಂತೂ ಪೂರ್ತಿ ಉಚಿತ.

ಮತ್ತೆ ಈ ಒಪ್ಪಂದಕ್ಕೆ 1979ರ ನವೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಸಹಿ ಹಾಕಿದ್ದು ಅಧ್ಯಕ್ಷರುಗಳಲ್ಲ. ಅಮೆರಿಕದ ಕಡೆಯಿಂದ ನಾಸಾ, ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆ, ಕೆನಡಾದ ಸಂಪರ್ಕ ಇಲಾಖೆ, ಸೋವಿಯತ್ ಕಡೆಯಿಂದ ವ್ಯಾಪಾರಿ ಹಡಗುಗಳ ಸಚಿವಾಲಯ. ಹಡಗಿನೋರು! ಸಮುದ್ರದಲ್ಲಿ ತಮ್ಮ ನಾವಿಕರು ಸಾಯೋದನ್ನ ನೋಡಿದ್ದೋರು. ಸಹಿ ಹಾಕಿ ಒಂದು ತಿಂಗಳಿಗೆ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ತು, ಮುಂದಿನ ವರ್ಷ ಅಮೆರಿಕ ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕಾರ ಮಾಡ್ತು, ಇದು ನಡೀತಾನೇ ಇತ್ತು. 1983ರ ಮಾರ್ಚ್ 23ಕ್ಕೆ ರೇಗನ್ ಶತ್ರುವಿನ ಕ್ಷಿಪಣಿ ತಡೆಯೋ ವ್ಯವಸ್ಥೆ ಕಟ್ತೀವಿ ಅಂತ, ಸ್ಟಾರ್ ವಾರ್ಸ್ ಅಂತ ಹೆಸರಾದ ಭಾಷಣ ಮಾಡಿದ್ರು, ಐದೇ ದಿನಕ್ಕೆ ಮಾರ್ಚ್ 28ರಂದು ಸಾರ್‌ಸ್ಯಾಟ್ ಹೊತ್ತ ಮೊದಲ ಅಮೆರಿಕನ್ ಉಪಗ್ರಹ ನೋವಾ-8 ಹಾರ್ತು. ಸೆಪ್ಟೆಂಬರ್ 1ಕ್ಕೆ ಸೋವಿಯತ್ ಯುದ್ಧವಿಮಾನ ಕೊರಿಯಾದ ಪ್ರಯಾಣಿಕರ ವಿಮಾನ ಹೊಡೆದು ಹಾಕ್ತು, 269 ಜನ. ಆಗ್ಲೂ ಇದು ನಿಲ್ಲಲಿಲ್ಲ.

ಕರುಣೆಯಿಂದ ಮಾತ್ರ ಉಳೀತಾ? ಇಲ್ಲ, ಲೆಕ್ಕಾಚಾರನೂ ಇತ್ತು, ಅದನ್ನ ಹೇಳೋಕೆ ಸಂಕೋಚ ಬೇಡ. ಕೆಳಗಿನ ಕಕ್ಷೆಯ ಉಪಗ್ರಹ ಒಂದೇ ಇದ್ರೆ ಅದು ನಿಮ್ಮ ತಲೆ ಮೇಲೆ ಬರೋಕೆ ಗಂಟೆಗಟ್ಲೆ ಕಾಯ್ಬೇಕು. ಎರಡು ಅವ್ರದ್ದು ಎರಡು ಇವ್ರದ್ದು ಸೇರಿ ನಾಲ್ಕಾದ್ರೆ ಕಾಯೋ ಹೊತ್ತು ತುಂಬಾ ಇಳಿಯತ್ತೆ. ಉತ್ತರ ಅಟ್ಲಾಂಟಿಕ್‌ನ ನೀರಲ್ಲಿ ಬಿದ್ದೋನಿಗೆ ಆ ಒಂದು ಗಂಟೆ ಅಂದ್ರೆ ಜೀವ. ಒಬ್ರೇ ನಾಲ್ಕು ಕಳ್ಸೋ ಖರ್ಚಲ್ಲಿ ಅರ್ಧ ಉಳೀತು. ಇಬ್ರಿಗೂ ಲಾಭ, ಇಬ್ರಿಗೂ ಗುಟ್ಟು ಬಿಟ್ಕೊಡೋ ಭಯ ಇಲ್ಲ. 1988ರಲ್ಲಿ ಪ್ಯಾರಿಸ್‌ನಲ್ಲಿ ನಾಲ್ಕೂ ದೇಶಗಳು ಇದನ್ನ ಪೂರ್ಣ ಪ್ರಮಾಣದ ಅಂತಾರಾಷ್ಟ್ರೀಯ ಒಪ್ಪಂದ ಮಾಡಿದ್ವು. ಇಲ್ಲೀವರೆಗೆ ಹತ್ತಾರು ಸಾವಿರ ಜನ ಇದರಿಂದ ಬದುಕಿದಾರೆ.

ಮಧ್ಯದಲ್ಲಿ ಒಂದು ಪ್ರಸಂಗ ಹೇಳ್ಬಿಡ್ತೀನಿ. 2004ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಕೊರ್ವಾಲಿಸ್ ಅನ್ನೋ ಊರಲ್ಲಿ ಒಬ್ಬ ಕಾಲೇಜು ವಯಸ್ಸಿನ ಹುಡುಗನ ಮನೆ ಬಾಗಿಲಿಗೆ ಪೊಲೀಸ್ರು, ಹುಡುಕಾಟದ ತಂಡದವ್ರು ಎಲ್ಲಾ ಬಂದು ನಿಂತ್ರು. ಉಪಗ್ರಹಕ್ಕೆ ಆ ಮನೆಯಿಂದ ಅಪಾಯದ ಕೂಗು ಕೇಳಿಸಿತ್ತು. ಹುಡ್ಕಿದ್ರೆ ಅವನ ಟಿವಿ! ಏನೋ ಕೆಟ್ಟು 121.5 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಬಿಡ್ತಿತ್ತು. ಆಗಿನ ಹಳೇ ಬೀಕನ್‌ಗಳು ಅದೇ ಫ್ರೀಕ್ವೆನ್ಸಿಯಲ್ಲಿ ಬರೀ ಸೈರನ್ ಥರ ಕೂಗ್ತಿದ್ವು, ನಾನ್ಯಾರು ಅಂತ ಹೇಳ್ತಿರ್ಲಿಲ್ಲ. ಅದಕ್ಕೇ 2009ರಿಂದ ಉಪಗ್ರಹಗಳು ಅದನ್ನ ಕೇಳಿಸ್ಕೊಳ್ಳೋದು ಬಿಟ್ವು, ಈಗ 406 ಮೆಗಾಹರ್ಟ್ಸ್ ಮಾತ್ರ. ಈ ಹೊಸ ಬೀಕನ್ 50 ಸೆಕೆಂಡಿಗೊಂದು ಸಲ, ಅರ್ಧ ಸೆಕೆಂಡಿನಷ್ಟು ಹೊತ್ತು ಒಂದು ಡಿಜಿಟಲ್ ಮೆಸೇಜ್ ಕಳಿಸತ್ತೆ. ಆ ಮೆಸೇಜಲ್ಲಿ ಮೂರಂಕಿಯ ದೇಶದ ಕೋಡ್ ಇರತ್ತೆ. ಭಾರತ 419. ರಷ್ಯಾ 273. ಪಾಕಿಸ್ತಾನ 463.

ಈಗ ಬೆಂಗಳೂರಿಗೆ ಬರೋಣ. ಪೀಣ್ಯ ಕಡೆ ಓಡಾಡಿರೋರು ಇಲ್ಲಿ ಬೇಕಾದಷ್ಟು ಜನ ಇದೀರಿ, ಉಪಗ್ರಹಗಳ ಮೇಲೆ ಕಣ್ಣಿಡೋ ಇಸ್ರೋದ ಕೇಂದ್ರ ಇಸ್‌ಟ್ರ್ಯಾಕ್ ಗೇಟ್ ಮುಂದೆನೇ ಹೋಗಿರ್ತೀರಿ. ಈ ವ್ಯವಸ್ಥೆಯ ಭಾರತದ ಮಿಷನ್ ಕಂಟ್ರೋಲ್ ಸೆಂಟರ್ ಇರೋದು ಇಸ್‌ಟ್ರ್ಯಾಕ್‌ನಲ್ಲೇ. ಸಿಗ್ನಲ್ ಹಿಡಿಯೋ ನಿಲ್ದಾಣಗಳು ಬೆಂಗಳೂರಲ್ಲೊಂದು ಲಖನೌದಲ್ಲೊಂದು. ನಮ್ಮ ಇನ್ಸಾಟ್ ಉಪಗ್ರಹಗಳಲ್ಲೂ 406ನ ಕೇಳೋ ಉಪಕರಣ ಇದೆ. ಶ್ರೀಲಂಕಾ, ಮಾಲ್ಡೀವ್ಸ್, ನೇಪಾಳ, ಬಾಂಗ್ಲಾದೇಶ, ಇವ್ರ ಕೂಗಿಗೂ ಉತ್ತರ ಹೋಗೋದು ಇಲ್ಲಿಂದಾನೇ. ಪಾಕಿಸ್ತಾನನೂ ಇದೇ ವ್ಯವಸ್ಥೆಯ ಸದಸ್ಯ, ಚೀನಾನೂ ಸದಸ್ಯ. 2017ರಲ್ಲಿ ನಾವು ದಕ್ಷಿಣ ಏಷ್ಯಾಕ್ಕೇ ಅಂತ ಜಿಸ್ಯಾಟ್-9 ಹಾರಿಸಿದಾಗ ಪಾಕಿಸ್ತಾನ ಅದರಿಂದ ಹೊರಗುಳೀತು, ಅದು ಎಲ್ರಿಗೂ ನೆನಪಿದೆ, ಪೇಪರಲ್ಲಿ ಬಂತು. ಆದ್ರೆ 463 ಅಂತ ಶುರುವಾಗೋ ಮೆಸೇಜ್ ಬೆಂಗಳೂರಿನ ಕಂಪ್ಯೂಟರಿಗೆ ಬಂದ್ರೆ ಅದು ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಹೋಗತ್ತೆ, ಇದು ಯಾವ ಪೇಪರಲ್ಲೂ ಬರಲ್ಲ.

ಇದಕ್ಕೆ ಪೂರ್ತಿ ಬೇರೆ ಥರದ್ದು ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಕಾಸ್ಪಾಸ್‌ನಲ್ಲಿ ಅವರವ್ರ ಮನೆ ಅವರವ್ರದ್ದು, ಬೇಲಿ ಮಾತ್ರ ಒಂದು. ನಿಲ್ದಾಣದಲ್ಲಿ ಅವಿಭಕ್ತ ಕುಟುಂಬ, ಅಡಿಗೆಮನೆ ಒಬ್ರದ್ದು ಬಾವಿ ಇನ್ನೊಬ್ರದ್ದು. ನಿಲ್ದಾಣನ ಎತ್ತರಕ್ಕೆ ತಳ್ಳೋ ಕೆಲಸ ಬಹುಪಾಲು ರಷ್ಯಾದ ಎಂಜಿನ್‌ಗಳದ್ದು, ಕರೆಂಟ್ ಬಹುಪಾಲು ಅಮೆರಿಕದ ಸೌರಫಲಕಗಳದ್ದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಬಿಟ್ಟುಹೋಗೋ ಮಾತು ಬಂದ್ರೂ ಯಾರೂ ಹೋಗೋಕೆ ಆಗ್ಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಫ್ರಾಂಕ್ ರುಬಿಯೋ ರಷ್ಯಾದ ಸೋಯುಜ್‌ನಲ್ಲಿ ಮೇಲೆ ಹೋದ್ರು, ಅಕ್ಟೋಬರ್‌ನಲ್ಲಿ ರಷ್ಯಾದ ಆನ್ನಾ ಕಿಕಿನಾ ಅಮೆರಿಕದ ಡ್ರ್ಯಾಗನ್ ನೌಕೆಯಲ್ಲಿ ಹೋದ್ರು. ಡಿಸೆಂಬರ್‌ನಲ್ಲಿ ರುಬಿಯೋ ಹೋಗಿದ್ದ ಸೋಯುಜ್‌ನಿಂದ ಕೂಲಂಟ್, ಅಂದ್ರೆ ನೌಕೆಯನ್ನ ತಣ್ಣಗಿಡೋ ದ್ರವ, ಸೋರಿ ಹೋಯ್ತು. ವಾಪಸ್ ಬರೋಕೆ ಗಾಡಿ ಇಲ್ಲ. ಆಗ ಏನ್ ಮಾಡಿದ್ರು ಗೊತ್ತಾ, ಸೋಯುಜ್‌ನಲ್ಲಿ ಪ್ರತಿಯೊಬ್ರ ಬೆನ್ನಿನ ಅಚ್ಚಿಗೆ ತಕ್ಕಂತೆ ಮಾಡಿದ ಸೀಟಿನ ಮೆತ್ತೆ ಇರತ್ತೆ, ರುಬಿಯೋದನ್ನ ಬಿಚ್ಚಿ ತಗೊಂಡು ಹೋಗಿ ಡ್ರ್ಯಾಗನ್ ಒಳಗೆ ಕಟ್ಟಿದ್ರು, ಏನಾದ್ರೂ ಎಮರ್ಜೆನ್ಸಿ ಆದ್ರೆ ಇದ್ರಲ್ಲಿ ಮಲಗ್ಕೊಂಡು ಇಳೀಲಿ ಅಂತ. ಕೆಳಗೆ ಎರಡು ದೇಶಗಳು ಮುಖ ಕೊಟ್ಟು ಮಾತಾಡ್ತಿರ್ಲಿಲ್ಲ, ಮೇಲೆ ಸೀಟು ಎತ್ಕೊಂಡು ಓಡಾಡ್ತಿದ್ರು. ಕೊನೆಗೆ ರಷ್ಯಾ ಖಾಲಿ ಸೋಯುಜ್ ಒಂದನ್ನ ಕಳಿಸ್ತು, ರುಬಿಯೋ 371 ದಿನ ಆದ್ಮೇಲೆ ಅದರಲ್ಲಿ ಇಳಿದ್ರು.

ಆದ್ರೆ ಅವಿಭಕ್ತ ಕುಟುಂಬ ಆದ ಮಾತ್ರಕ್ಕೆ ರಕ್ಷಣೆ ಸಿಗತ್ತೆ ಅಂತಲ್ಲ. 2021ರ ನವೆಂಬರ್ 15, ರಷ್ಯಾ ತನ್ನದೇ ಹಳೇ ಉಪಗ್ರಹ ಕಾಸ್ಮಾಸ್-1408ನ ಕ್ಷಿಪಣಿಯಿಂದ ಹೊಡೀತು. ರೇಡಾರ್‌ಗೆ ಕಾಣೋವೇ 1500ಕ್ಕೂ ಹೆಚ್ಚು ಚೂರು. ನಿಲ್ದಾಣದಲ್ಲಿ ಏಳು ಜನ ಇದ್ರು, ನಾಲ್ವರು ಅಮೆರಿಕದವ್ರು, ಒಬ್ರು ಜರ್ಮನಿಯವ್ರು, ಇಬ್ರು ರಷ್ಯಾದವ್ರು. ಎಲ್ರೂ ಓಡಿಹೋಗಿ ತಮ್ತಮ್ಮ ನೌಕೆಯೊಳಗೆ ಬಾಗಿಲು ಹಾಕ್ಕೊಂಡು ಕೂರ್ಬೇಕಾಯ್ತು. ತನ್ನ ಇಬ್ಬರು ಮಕ್ಕಳು ಮನೆಯೊಳಗಿರುವಾಗ್ಲೇ ಬೀದೀಲಿ ಗುಂಡು ಹಾರಿಸಿದ್ದು ಅದು. ಇದನ್ನ ಓದಿದ ದಿನ ನಂಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ರಷ್ಯಾ ಒಂದೇ ಅಲ್ಲ. ಅಮೆರಿಕ 1985ರಲ್ಲಿ, 2008ರಲ್ಲಿ ಹೊಡೆದಿದೆ. ಚೀನಾ 2007ರಲ್ಲಿ 850 ಕಿಲೋಮೀಟರ್‌ಗಿಂತ ಎತ್ತರದಲ್ಲಿ ಹೊಡೆದು ಮಾಡಿದ ಮೂರು ಸಾವಿರಕ್ಕೂ ಹೆಚ್ಚು ಚೂರಲ್ಲಿ ಎಷ್ಟೋ ಇನ್ನೂ ಸುತ್ತುತ್ತಿವೆ. ನಾವು 2019ರ ಮಾರ್ಚ್ 27ಕ್ಕೆ ಮಿಷನ್ ಶಕ್ತಿ ಮಾಡಿದ್ವಿ, ಮುನ್ನೂರು ಕಿಲೋಮೀಟರ್ ಆಸುಪಾಸಿನ ಕೆಳಗಿನ ಕಕ್ಷೆ ಆರಿಸಿದ್ದು ನಿಜ, ಬಹುಪಾಲು ಚೂರು ಬೇಗ ಬಿದ್ದು ಸುಟ್ಟೋಗಿದ್ದೂ ನಿಜ, ಕೆಲವು ಮೇಲಕ್ಕೆ ಚಿಮ್ಮಿದ್ದೂ ನಿಜ. 2022ರಲ್ಲಿ ಇನ್ಮೇಲೆ ಇಂಥಾ ಹೊಡೆಯೋ ಪರೀಕ್ಷೆ ಮಾಡಲ್ಲ ಅಂತ ಅಮೆರಿಕ ಘೋಷಿಸ್ತು, ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಅದೇ ಅರ್ಥದ ನಿರ್ಣಯ ಬಂತು, 155 ದೇಶ ಪರ. ರಷ್ಯಾ, ಚೀನಾ ವಿರುದ್ಧ. ಭಾರತ ಮತ ಹಾಕ್ದೆ ದೂರ ಉಳೀತು. ನಮ್ಮ ದೇಶದ ಭದ್ರತೆಯ ಲೆಕ್ಕಗಳು ಇರ್ತವೆ, ಚೀನಾ ಪಕ್ಕದಲ್ಲಿದೆ, ಅದೆಲ್ಲಾ ಅರ್ಥ ಆಗತ್ತೆ, ಆದ್ರೂ ನಂಗೆ ಬೇಜಾರಾಯ್ತು. ಪೀಣ್ಯದಲ್ಲಿ ಕೂತು ನಾಲ್ಕು ದೇಶದ ಕೂಗು ಕೇಳಿಸ್ಕೊಳ್ಳೋ ನಾವು ಅಲ್ಲಿ ಕೈ ಎತ್ಬೇಕಿತ್ತು.

ಅಮೆರಿಕ-ಚೀನಾ ಮಧ್ಯೆ ಏನಾದ್ರೂ ಆಗತ್ತಾ ಅಂತ ಯಾರೋ ಚೀಟಿ ಕಳಿಸಿದೀರಿ. 2011ರಿಂದ ಅಮೆರಿಕದಲ್ಲಿ ವುಲ್ಫ್ ತಿದ್ದುಪಡಿ ಅಂತ ಇದೆ, ವಿಶೇಷ ಅನುಮತಿ ಇಲ್ದೆ ನಾಸಾ ಚೀನಾ ಜೊತೆ ನೇರವಾಗಿ ಕೆಲಸ ಮಾಡೋಹಾಗಿಲ್ಲ. ಅಷ್ಟಿದ್ರೂ 2021ರಲ್ಲಿ ಮಂಗಳನ ಸುತ್ತ ಎರಡೂ ದೇಶದ ನೌಕೆ ಇದ್ದಾಗ ಒಂದಕ್ಕೊಂದು ಗುದ್ದದೇ ಇರ್ಲಿ ಅಂತ ಕಕ್ಷೆಯ ಮಾಹಿತಿ ಕೊಟ್ಟು ತಗೊಂಡ್ರು. ಅದೇ ವರ್ಷ ಅಮೆರಿಕದ ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳು ಎರಡು ಸಲ ತನ್ನ ನಿಲ್ದಾಣದ ಹತ್ರ ಬಂದ್ವು, ಪಕ್ಕಕ್ಕೆ ಸರೀಬೇಕಾಯ್ತು ಅಂತ ಚೀನಾ ವಿಶ್ವಸಂಸ್ಥೆಗೆ ದೂರು ಕೊಟ್ತು. ಇಲ್ಲೇ ಇದೆ ನೋಡಿ ಕಾಸ್ಪಾಸ್ ಥರದ ಕೆಲಸಕ್ಕೆ ಜಾಗ. ಚಂದ್ರನ ಮೇಲೆ ಒಟ್ಟಿಗೆ ಮನೆ ಕಟ್ಟೋ ಮಾತು ಈಗ ಬೇಡ, ಯಾರಿಗೂ ನಂಬಿಕೆ ಇಲ್ಲ. ನನ್ನ ಉಪಗ್ರಹ ಇಂಥಾ ಕಡೆ ಇದೆ, ಇಂಥಾ ಹೊತ್ತಿಗೆ ಸರಿಯತ್ತೆ, ಇಷ್ಟನ್ನ ಎಲ್ರಿಗೂ ಓದೋಕೆ ಬರೋ ಒಂದೇ ರೂಪದಲ್ಲಿ, ಯಾರ ಅಪ್ಪಣೆಗೂ ಕಾಯ್ದೆ ಕೆಳಗೆ ಕಳಿಸ್ತಾ ಇರೋ ಹಾಗೆ ಮಾಡಿ. ಹಡಗಿನೋರ ಥರ ಕೂತು ಮಾತಾಡಿ. ಅಷ್ಟಾದ್ರೆ ಸಾಕು ಅಂತ ನಂಗನ್ಸತ್ತೆ.

ಕೊನೇಗೆ ಒಂದು ಕೆಲಸದ ಮಾತು. ಕರಾವಳಿ ಕಡೆಯೋರು ಇಲ್ಲಿದೀರಿ, ಮರ್ಚೆಂಟ್ ನೇವಿಯಲ್ಲಿ ಮಗ ಇದಾನೆ ಅಂತ ಒಬ್ರು ಆಗ್ಲೇ ಹೇಳಿದ್ರು. ಬೋಟಿನಲ್ಲಿ 406 ಬೀಕನ್ ಇದ್ರೆ ಅದನ್ನ ರಿಜಿಸ್ಟರ್ ಮಾಡ್ಸಿದೀರಾ ನೋಡ್ಕೊಳ್ಳಿ, ಭಾರತದ ಬೀಕನ್‌ಗಳ ಪಟ್ಟಿ ಇರೋದು ಬೆಂಗಳೂರಿನ ಅದೇ ಸೆಂಟರಿನಲ್ಲಿ. ಇಸ್ರೋ ಮೀನುಗಾರರಿಗೆ ಅಂತ ಮಾಡಿರೋ ಡ್ಯಾಟ್ ಅನ್ನೋ ಪೆಟ್ಟಿಗೆ ಬೇರೆ, ಅದರ ಕೂಗೂ ಅಲ್ಲಿಗೇ ಬರತ್ತೆ. ಸಿಗ್ನಲ್ ಬಂದಾಗ ನಂಬರ್ ನೋಡಿ ಪಟ್ಟಿಯಲ್ಲಿರೋ ಫೋನಿಗೆ ಕರೆ ಹೋಗತ್ತೆ, ಬೋಟು ನಿಜವಾಗ್ಲೂ ಸಮುದ್ರದಲ್ಲಿದೆಯಾ, ಎಷ್ಟು ಜನ ಇದಾರೆ ಅಂತ ಕೇಳೋಕೆ. ನಾವು ಸಿಮ್ ಬದಲಾಯಿಸ್ತೀವಿ, ಅಲ್ಲಿ ಹಳೇ ನಂಬರ್ ಹಾಗೇ ಇರತ್ತೆ. ಇವತ್ತು ಮನೆಗೆ ಹೋದ್ಮೇಲೆ ಬೀಕನ್ ಹಿಂದುಗಡೆ ಅಂಟಿಸಿರೋ ಹದಿನೈದು ಅಕ್ಷರದ ನಂಬರ್ ಬರ್ಕೊಂಡು, ಪಟ್ಟಿಯಲ್ಲಿ ಯಾರ ಫೋನ್ ನಂಬರ್ ಇದೆ ಅಂತ ಒಂದ್ಸಲ ವಿಚಾರಿಸಿ.